ಸ್ಟೇಪ್ಲರ್ ಬೇಕಿದ್ರೆ ರಿಸೆಪ್ಷನ್‌ನಲ್ಲಿ ಕೇಳಿ

ಪಿಜ್ಜಾ ಮೇಲಿಂದ ಚೀಸ್ ಜಾರಿ ಹೋಗ್ತಿದ್ರೆ ಸಾಸ್ ಜೊತೆ ಒಂಚೂರು ಗೋಂದು ಕಲಸಿ, ಒಂದು ಕಪ್‌ನ ಎಂಟನೇ ಒಂದು ಭಾಗ ಸಾಕು, ಆದ್ರೆ ವಿಷ ಇಲ್ದೇ ಇರೋ ಗೋಂದೇ ಆಗಿರ್ಲಿ. 2024ರ ಮೇ ತಿಂಗಳಲ್ಲಿ ಗೂಗಲ್ ಕೊಟ್ಟ ಅಡುಗೆ ಸಲಹೆ ಇದು. ಆ ತಿಂಗಳಷ್ಟೇ ಅಮೆರಿಕದಲ್ಲಿ ಎಐ ಓವರ್‌ವ್ಯೂ ಅಂತ ಹೊಸ ಸರ್ವೀಸ್ ಬಿಟ್ಟಿದ್ರು, ಇನ್ಮೇಲೆ ಗೂಗಲ್ ಮಾಡೋ ಕಷ್ಟನೂ ನಿಮಗೆ ಬೇಡ, ನಿಮ್ಮ ಪರವಾಗಿ ಗೂಗಲ್ಲೇ ಗೂಗಲ್ ಮಾಡತ್ತೆ ಅಂತ ಸ್ಟೇಜ್ ಮೇಲೆ ನಿಂತು ಹೇಳಿದ್ರು, ಹತ್ತು ಲಿಂಕ್ ಓದೋದ್ಯಾಕೆ ನಾವೇ ಓದಿ ಸಾರ ಹಿಂಡಿ ಕೊಡ್ತೀವಿ ಅನ್ನೋ ಥರ. ಹಿಂಡಿದಾಗ ಬಂದಿದ್ದು ಗೋಂದು. ರೆಡ್ಡಿಟ್ ಅನ್ನೋ ಹರಟೆಕಟ್ಟೆ ವೆಬ್‌ಸೈಟಲ್ಲಿ 11 ವರ್ಷದ ಹಿಂದೆ ಯಾವನೋ ತರ್ಲೆ ತಮಾಷೆಗೆ ಹಾಕಿದ್ದ ಕಾಮೆಂಟು ಅದು, ಯಂತ್ರ ಅದನ್ನ ಅಡುಗೆ ಭಟ್ಟರ ಮಾತು ಅಂತ ನಂಬ್ಕೊಂಡು ಬಡಿಸ್ಬಿಡ್ತು. ರೆಡ್ಡಿಟ್ ಮಾಹಿತಿ ಬಳಸ್ಕೊಳ್ಳೋಕೆ ಗೂಗಲ್ ವರ್ಷಕ್ಕೆ ಸುಮಾರು 60 ಮಿಲಿಯನ್ ಡಾಲರ್ ಕೊಡೋ ಒಪ್ಪಂದ ಆಗಿದೆ ಅಂತ 2024ರ ಶುರುವಲ್ಲಿ ಸುದ್ದಿ ಬಂದಿತ್ತು, ಹಾಗಾಗಿ ಬಿಟ್ಟಿ ಗೋಂದು ಅಂತ ಯಾರೂ ಹಗುರವಾಗಿ ಮಾತಾಡ್ಬೇಡಿ.

ಅದೇ ವಾರ ಇನ್ನೊಂದು ಉತ್ತರ ಬಂತು. ದಿನಕ್ಕೆ ಎಷ್ಟು ಕಲ್ಲು ತಿನ್ಬೇಕು ಅಂತ ಕೇಳಿದ್ರೆ, ಬರ್ಕ್ಲಿ ಯೂನಿವರ್ಸಿಟಿಯ ಭೂವಿಜ್ಞಾನಿಗಳ ಪ್ರಕಾರ ಕನಿಷ್ಠ ಒಂದು ಸಣ್ಣ ಕಲ್ಲಾದ್ರೂ ತಿನ್ನಿ ಅಂತು. ಮೂಲ ಹುಡುಕಿದ್ರೆ ದಿ ಆನಿಯನ್ ಅನ್ನೋ ಅಮೆರಿಕದ ವಿಡಂಬನೆ ಪತ್ರಿಕೆ. ನಮ್ಮಜ್ಜಿ ಮೊರದ ತುಂಬ ರೇಷನ್ ಅಕ್ಕಿ ಹಾಕ್ಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು, ಮಧ್ಯಾಹ್ನ ಪೂರ್ತಿ ಕಲ್ಲು ಆರಿಸಿ ಅಂಗಳಕ್ಕೆ ಬಿಸಾಕ್ತಿದ್ರು, ಮನೆಮಂದಿಯ ಆರೋಗ್ಯನ ಕೈಯಾರೆ ಅಂಗಳಕ್ಕೆ ಎಸೀತಾ ಇದೀನಿ ಅಂತ ಪಾಪ ಅವರಿಗೆ ಹೇಳೋರು ಯಾರೂ ಇರ್ಲಿಲ್ಲ. ಜನ ಸ್ಕ್ರೀನ್‌ಶಾಟ್ ಹಾಕಿ ನಕ್ಕಿದ್ದೇ ನಕ್ಕಿದ್ದು. ಕಂಪನಿ ಕೊಟ್ಟ ಸಮಜಾಯಿಷಿ ಏನಪ್ಪಾ ಅಂದ್ರೆ, ಸ್ಕ್ರೀನ್‌ಶಾಟ್ ವೈರಲ್ ಆಗೋಕೆ ಮುಂಚೆ ಈ ಪ್ರಶ್ನೆನ ಹೆಚ್ಚು ಕಮ್ಮಿ ಯಾರೂ ಕೇಳೇ ಇರ್ಲಿಲ್ಲ. ಸರಿ ಸ್ವಾಮಿ, ಕೇಳಿದ್ದು ನಮ್ಮದೇ ತಪ್ಪು. ನಾಳೆ ಈ ಲೇಖನನೂ ಆ ಯಂತ್ರದ ಹೊಟ್ಟೆಗೆ ಹೋಗಬಹುದು, ಅದಕ್ಕೆ ಸೇಫ್ಟಿಗೆ ಈಗ್ಲೇ ಹೇಳಿಟ್ಟಿರ್ತೀನಿ: ಕಲ್ಲು ತಿನ್ಬೇಡಿ.

ಕನ್ನಡದೋರಿಗೆ ಈ ರುಚಿ ಹೊಸದೇನಲ್ಲ, ಎಐ ಬರೋಕೆ ಮುಂಚೇನೇ ನಮಗೆ ಬಡಿಸಿದ್ರು. 2021ರ ಜೂನ್‌ನಲ್ಲಿ ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಇಂಗ್ಲಿಷ್‌ನಲ್ಲಿ ಹುಡುಕಿದ್ರೆ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಕನ್ನಡ ಅಂತ ಬರ್ತಿತ್ತು. ಆ ಮಾತು ಹೇಳಿದ ಭಾಷಾ ಪಂಡಿತರು ಯಾರು ಅಂದ್ರೆ ಸಾಲ ತೀರಿಸೋದು ಹೇಗೆ ಅಂತ ಸಲಹೆ ಕೊಡೋ ಹೆಸರಿಟ್ಕೊಂಡಿದ್ದ ಒಂದು ವೆಬ್‌ಸೈಟು. ಆಗ ಕನ್ನಡ ಮತ್ತು ಸಂಸ್ಕೃತಿ ಖಾತೆ ನೋಡ್ಕೊಳ್ತಿದ್ದ ಅರವಿಂದ ಲಿಂಬಾವಳಿಯವರು ನೋಟಿಸ್ ಕೊಡ್ತೀವಿ ಅಂದ್ರು, ಪಕ್ಷಭೇದ ಇಲ್ದೇ ಎಲ್ಲರೂ ಸಿಟ್ಟಾದ್ರು (ವಿಧಾನಸೌಧದಲ್ಲಿ ಅಪರೂಪಕ್ಕೆ ಸಿಗೋ ದೃಶ್ಯ), ಗೂಗಲ್ ಕ್ಷಮೆ ಕೇಳ್ತು, ಜೊತೆಗೆ ಸರ್ಚ್ ಅನ್ನೋದು ಯಾವಾಗ್ಲೂ ಪರ್ಫೆಕ್ಟ್ ಅಲ್ಲ, ಇದು ನಮ್ಮ ಅಭಿಪ್ರಾಯ ಅಲ್ಲ ಅಂತನೂ ಅಂತು. ತಪ್ಪಾದ್ರೆ ಇಂಟರ್ನೆಟ್ ಹೇಳಿದ್ದು, ಸರಿಯಾದ್ರೆ ನಮ್ಮ ಟೆಕ್ನಾಲಜಿ. ಈ ಅನುಕೂಲ ನಮ್ಮ ಜ್ಯೋತಿಷಿಗಳಿಗೂ ಇಲ್ಲ.

ಇಷ್ಟು ಹೊರಗಿನ ಸರ್ವೀಸು. ಒಳಗೆ ಕೆಲಸ ಮಾಡೋರಿಗೆ ಸಿಗೋ ಸರ್ವೀಸು ಇದಕ್ಕಿಂತ ಚೆನ್ನಾಗಿದೆ.

ಒಂದು ಕಾಲದಲ್ಲಿ ಗೂಗಲ್ ಆಫೀಸು ಅಂದ್ರೆ ಅಮೆರಿಕದ ಅಳಿಯನ ಮನೆ ಥರ ವರ್ಣನೆ ಮಾಡ್ತಿದ್ರು, ಮೂರು ಹೊತ್ತು ಬಿಟ್ಟಿ ಊಟ, ಮಲಗೋಕೆ ಜಾಗ, ಮಸಾಜು. 2009ರಲ್ಲಂತೂ ಮೌಂಟನ್ ವ್ಯೂ ಹೆಡ್ಡಾಫೀಸಿನ ಹುಲ್ಲು ಕತ್ತರಿಸೋಕೆ ಮೆಷಿನ್ ಬೇಡ ಅಂತ ಸುಮಾರು 200 ಮೇಕೆ ಬಾಡಿಗೆಗೆ ತರಿಸಿದ್ರು, ಮೆಷಿನ್‌ಗಿಂತ ಮೇಕೆಗಳು ನೋಡೋಕೆ ಮುದ್ದಾಗಿವೆ ಅಂತ ಕಂಪನಿಯವರೇ ಬರ್ಕೊಂಡಿದ್ರು. ಅಷ್ಟು ಒಳ್ಳೇ ದಿನಗಳು. 2023ರ ಜನವರಿ 20ಕ್ಕೆ ಒಂದೇ ಏಟಿಗೆ 12 ಸಾವಿರ ಜನರನ್ನ ಮನೆಗೆ ಕಳಿಸಿದ್ರು. ಕೆಲವರಿಗೆ ಬೆಳಿಗ್ಗೆ ಎದ್ದು ಲಾಗಿನ್ ಮಾಡೋಕೆ ಹೋದಾಗ ಗೊತ್ತಾಯ್ತು, ಕೆಲವರಿಗೆ ಆಫೀಸ್ ಬಾಗಿಲಲ್ಲಿ ಬ್ಯಾಡ್ಜ್ ಉಜ್ಜಿದಾಗ. ಪ್ರಪಂಚದ ಮಾಹಿತಿನೆಲ್ಲ ಜೋಡಿಸಿ ಎಲ್ಲರ ಕೈಗೂ ಸಿಗೋ ಹಾಗೆ ಮಾಡೋದೇ ನಮ್ಮ ಗುರಿ ಅನ್ನೋ ಕಂಪನಿ, ನಿನಗೆ ಕೆಲಸ ಇಲ್ಲ ಕಣಯ್ಯ ಅನ್ನೋ ಒಂದು ಸಾಲಿನ ಮಾಹಿತಿನ ಬಾಗಿಲಿನ ಬಾಯಲ್ಲಿ ಹೇಳಿಸ್ತು. ಇದರ ಪೂರ್ತಿ ಜವಾಬ್ದಾರಿ ನನ್ನದು ಅಂತ ಸುಂದರ್ ಪಿಚೈ ಇಮೇಲ್‌ನಲ್ಲಿ ಬರೆದ್ರು. ಕೆಲವೇ ತಿಂಗಳಲ್ಲಿ ಹಿಂದಿನ ವರ್ಷದ ಲೆಕ್ಕ ಹೊರಗೆ ಬಂತು, ಅವರಿಗೆ ಸಿಕ್ಕಿದ್ದು ಸುಮಾರು 226 ಮಿಲಿಯನ್ ಡಾಲರ್, ಬಹುಪಾಲು ಷೇರಿನ ರೂಪದಲ್ಲಿ. ಅಷ್ಟು ದೊಡ್ಡ ಜವಾಬ್ದಾರಿ ಹೊರೋಕೆ ಅಷ್ಟು ಕೂಲಿ ಬೇಕಾಗತ್ತೆ ಬಿಡಿ.

ಆಮೇಲೆ ಬಂತು ಉಳಿತಾಯದ ಯೋಜನೆ. ಆಗಿನ ಹಣಕಾಸು ಮುಖ್ಯಸ್ಥೆ ರೂತ್ ಪೋರಾಟ್ ಖರ್ಚು ಕಮ್ಮಿ ಮಾಡ್ಬೇಕು ಅಂತ ಮೆಮೊ ಕಳಿಸಿದ್ರು, ತಿಂಡಿ ಇಡೋ ಪುಟ್ಟ ಕಿಚನ್‌ಗಳಿಗೂ ಲ್ಯಾಪ್‌ಟಾಪ್ ಬದಲಾಯಿಸೋದಕ್ಕೂ ಕತ್ತರಿ ಬಿತ್ತು, ಅದರ ಬೆನ್ನಿಗೇ ಒಂದು ಕಟ್ಟಡದೊಳಗೆ ಓಡಾಡಿದ ಮೆಸೇಜು ಪೇಪರಿಗೂ ಬಂತು: ಪ್ರಿಂಟರ್ ಪಕ್ಕ ಇರ್ತಿದ್ದ ಸ್ಟೇಪ್ಲರು, ಗಮ್‌ಟೇಪು ಇನ್ಮೇಲೆ ಇರಲ್ಲ, ಬೇಕಾದೋರು ರಿಸೆಪ್ಷನ್‌ಗೆ ಹೋಗಿ ಕಡ ತಗೊಳ್ಳಿ. ನೀವೇ ಊಹೆ ಮಾಡ್ಕೊಳ್ಳಿ, ಲಕ್ಷಗಟ್ಟಲೆ ಡಾಲರ್ ಸಂಬಳದ ಇಂಜಿನಿಯರ್ರು ಎರಡು ಹಾಳೆ ಹಿಡ್ಕೊಂಡು ಲಿಫ್ಟ್‌ನಲ್ಲಿ ಇಳಿದು, ಕ್ಯೂನಲ್ಲಿ ನಿಂತು, ಒಂದೇ ಒಂದು ಪಿನ್ ಹೊಡ್ಕೊಂಡು, ಸ್ಟೇಪ್ಲರ್ ವಾಪಸ್ ಇಟ್ಟು, ಮತ್ತೆ ಲಿಫ್ಟ್ ಹತ್ತೋದನ್ನ. ಆ ಓಡಾಟದ ಸಂಬಳದಲ್ಲಿ ಎಷ್ಟು ಡಬ್ಬ ಪಿನ್ ಬರ್ತಿತ್ತೋ. ಮಜಾ ಇರೋದು ಇದರ ಮುಂದೆ. ಸುದ್ದಿ ಆದ ಮೇಲೆ ಕಂಪನಿ ವಕ್ತಾರರು, ಪ್ರಿಂಟರ್ ಹತ್ರ ಸ್ಟೇಪ್ಲರ್ ಈಗ್ಲೂ ಇದೆ, ಇಲ್ಲ ಅಂತ ಒಳಗೆ ಓಡಾಡ್ತಿರೋ ಮೆಸೇಜು ತಪ್ಪು ಮಾಹಿತಿ ಅಂತ ಹೇಳಿಕೆ ಕೊಟ್ರು. ಒಂದು ಸ್ಟೇಪ್ಲರ್ ಇದ್ಯೋ ಇಲ್ವೋ ಅನ್ನೋ ಪ್ರಶ್ನೆಗೆ ಗೂಗಲ್ ಒಳಗೇ ಎರಡು ಉತ್ತರ!

ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತೀವಲ್ಲ, ಇಲ್ಲಿ ಹಿಟ್ಟೂ ಇದೆ ಮಲ್ಲಿಗೆನೂ ಇದೆ, ಇಲ್ದೇ ಇರೋದು ಪಿನ್ನು ಮಾತ್ರ. 2022ರಲ್ಲಿ ಮಾತೃಸಂಸ್ಥೆ ಆಲ್ಫಾಬೆಟ್‌ನ ಲಾಭ ಸುಮಾರು 60 ಬಿಲಿಯನ್ ಡಾಲರ್. ಅದೇ ವರ್ಷ ಐಫೋನ್ ಬ್ರೌಸರ್‌ನಲ್ಲಿ ನಮ್ಮ ಸರ್ಚೇ ಮೊದಲು ಇರ್ಲಿ ಅಂತ ಆಪಲ್‌ಗೆ ಕೊಟ್ಟಿದ್ದು 20 ಬಿಲಿಯನ್ ಡಾಲರ್, ಇದು ಅಮೆರಿಕದ ಕೋರ್ಟ್ ಕೇಸಲ್ಲಿ ಹೊರಗೆ ಬಿದ್ದ ಲೆಕ್ಕ. ಆ ಕೇಸಲ್ಲೇ 2024ರ ಆಗಸ್ಟ್‌ನಲ್ಲಿ ಜಡ್ಜ್ ಅಮಿತ್ ಮೆಹ್ತಾ, ಸರ್ಚ್‌ನಲ್ಲಿ ಗೂಗಲ್ ಕಾನೂನು ಮುರಿದು ಏಕಸ್ವಾಮ್ಯ ಉಳಿಸ್ಕೊಂಡಿದೆ ಅಂದ್ರು. ಜನ ಬೇರೆ ಅಂಗಡಿ ಕಡೆ ತಲೆ ಎತ್ತಿ ನೋಡ್ಬಾರ್ದು ಅಂತ ಅಷ್ಟು ಸುರಿಯೋರು ಗಮ್‌ಟೇಪಲ್ಲಿ ಉಳಿಸೋಕೆ ಹೊರಟ್ರೆ ಏನನ್ನೋಣ.

ಟೇಬಲ್‌ಗಳ ಕಥೆ ಸಣ್ಣದು: ಕ್ಲೌಡ್ ವಿಭಾಗದೋರು ಇಬ್ಬಿಬ್ರು ಒಂದೊಂದು ಡೆಸ್ಕ್ ಹಂಚ್ಕೊಳ್ಳಿ, ದಿನ ಬಿಟ್ಟು ದಿನ ಬನ್ನಿ ಅಂತ 2023ರಲ್ಲಿ ಹೇಳಿದ್ರು. ಅದೇ ವರ್ಷ ವಾರಕ್ಕೆ ಮೂರು ದಿನ ಬರ್ಲೇಬೇಕು, ಹಾಜರಿ ನೋಡಿ ಮಾರ್ಕ್ಸ್ ಕೊಡ್ತೀವಿ ಅಂತನೂ ಹೇಳಿದ್ರು. ಐದು ದಿನದ ವಾರದಲ್ಲಿ ಒಂದೇ ಡೆಸ್ಕಿಗೆ ಇಬ್ರೂ ದಿನ ಬಿಟ್ಟು ದಿನ ಬಂದು ತಲಾ ಮೂರು ದಿನ ಭರ್ತಿ ಮಾಡೋ ಲೆಕ್ಕನ ಆ ಗಣಿತ ಪ್ರವೀಣರಿಗೇ ಬಿಟ್ಬಿಡೋಣ. ದೂರದಿಂದ ಬರೋರಿಗೆ ಕಷ್ಟ ಅಂತ ಕ್ಯಾಲಿಫೋರ್ನಿಯಾದ ಬೇ ವ್ಯೂ ಕ್ಯಾಂಪಸ್ಸಿನ ಹೋಟೆಲ್‌ನಲ್ಲಿ ರಾತ್ರಿಗೆ 99 ಡಾಲರ್ ಸ್ಪೆಷಲ್ ರೇಟು ಬಿಟ್ರು, ಅವತ್ತಿನ ಲೆಕ್ಕದಲ್ಲಿ ಸುಮಾರು 8 ಸಾವಿರ ರೂಪಾಯಿ, ಓಡಾಟ ಇಲ್ಲ, ಒಂದು ಗಂಟೆ ಜಾಸ್ತಿ ನಿದ್ದೆ ಮಾಡಿ ಅಂತ ಜಾಹೀರಾತು. ಸಂಬಳ ಕೊಟ್ಟ ಧಣಿಗೇ ಬಾಡಿಗೆ ಕಟ್ಟಿ ಆಫೀಸಲ್ಲೇ ಮಲಗೋದು. ನಗ್ತಿದೀರಾ? ಮಹದೇವಪುರದಲ್ಲಿ 2025ರ ಫೆಬ್ರವರಿಯಲ್ಲಿ ಅನಂತ ಅಂತ 16 ಲಕ್ಷ ಚದರಡಿ ಕ್ಯಾಂಪಸ್ ಶುರು ಮಾಡಿದಾರಲ್ಲ, 5 ಸಾವಿರಕ್ಕಿಂತ ಜಾಸ್ತಿ ಜನ ಕೂರೋ ಜಾಗ, ಒಳಗೆ ವಾಕಿಂಗ್ ಪಾತ್ ಎಲ್ಲ ಇದೆಯಂತೆ. ಅಲ್ಲೇನಾದ್ರೂ ಈ ಹೋಟೆಲ್ ಸ್ಕೀಮ್ ತಂದ್ರೆ, ಔಟರ್ ರಿಂಗ್ ರೋಡಲ್ಲಿ ಸಂಜೆ ಆರಕ್ಕೆ ಸಿಕ್ಕಾಕ್ಕೊಂಡೋರೆಲ್ಲ ಗೂಗಲ್ ಮ್ಯಾಪ್ಸ್‌ನ ಕೆಂಪು ಗೆರೆ ನೋಡ್ಕೊಂಡೇ ರೂಮ್ ಬುಕ್ ಮಾಡ್ತಾರೆ. ಎರಡೂ ಒಂದೇ ಕಂಪನಿದು, ಒಳ್ಳೇ ಬಿಸಿನೆಸ್ ಮಾಡೆಲ್ಲು.

ಅದೇ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥಾಪಕರಲ್ಲೊಬ್ರಾದ ಸರ್ಗೆ ಬ್ರಿನ್ ಸಾಹೇಬ್ರು ಎಐ ಟೀಮಿಗೆ ಬರೆದ ಪತ್ರನೂ ಹೊರಗೆ ಬಂತು, ವಾರಕ್ಕೆ 60 ಗಂಟೆ ಕೆಲಸ ಮಾಡಿದ್ರೆ ಹದವಾಗಿರತ್ತೆ ಅಂತ. ನಮ್ಮ ನಾರಾಯಣ ಮೂರ್ತಿಯವರು 70 ಅಂದಿದ್ರು, ಹತ್ತು ಗಂಟೆ ಡಿಸ್ಕೌಂಟ್ ಕೊಟ್ಟಿದಾರೆ ಅಂತ ಬೆಂಗಳೂರಿನೋರು ಖುಷಿ ಪಡ್ಬಹುದು. ಮನುಷ್ಯರ ದುಡಿಮೆ ಕಮ್ಮಿ ಮಾಡೋ ಯಂತ್ರ ತಯಾರಿಸೋಕೆ ಮನುಷ್ಯರು ರಾತ್ರಿ ಹಗಲು ದುಡೀಬೇಕು, ಆ ಯಂತ್ರ ಕೊನೆಗೆ ಕಲ್ಲು ತಿನ್ನಿ ಅನ್ನತ್ತೆ.

ಹೊಸ ಸರ್ವೀಸ್ ಬಂದಾಗೆಲ್ಲ ನನಗೆ ಹಳೇ ಸರ್ವೀಸ್‌ಗಳ ತಿಥಿ ನೆನಪಾಗತ್ತೆ. ಆರ್ಕುಟ್ 2014ರಲ್ಲಿ ಹೋಯ್ತು, ರೀಡರ್ ಅದಕ್ಕೂ ಮುಂಚೆ, ಗೂಗಲ್ ಪ್ಲಸ್ 2019ರಲ್ಲಿ. ಮಾತಾಡೋ ಆ್ಯಪ್‌ಗಳಂತೂ ಟಾಕ್, ಹ್ಯಾಂಗೌಟ್ಸ್, ಅಲೋ, ಡ್ಯುವೊ, ಚಾಟ್, ಮೀಟ್, ಹುಟ್ಟಿದ್ದೆಷ್ಟು ಸತ್ತಿದ್ದೆಷ್ಟು. 2022ರಲ್ಲಿ ಡ್ಯುವೊಗೆ ಮೀಟ್ ಅಂತ ಮರುನಾಮಕರಣ ಮಾಡಿದ್ರು, ಆಗ ಮೊದಲಿಂದ ಮೀಟ್ ಆಗಿದ್ದ ಆ್ಯಪ್‌ನ ಹೆಸರಿನ ಮುಂದೆ ಒರಿಜಿನಲ್ ಅಂತ ಸೇರಿಸಿದ್ರು, ರಸ್ತೆ ಬದಿ ಮಿಲ್ಟ್ರಿ ಹೋಟೆಲ್‌ಗಳು ಬೋರ್ಡಿಗೆ ಬರೆಸ್ಕೊಳ್ಳಲ್ವಾ, ಹಾಗೆ.

ಇನ್ನು ಬರೀ ಲಿಂಕ್ ತೋರಿಸ್ತಿದ್ದ ಆ ಹಳೇ ಸರ್ಚ್ ಸತ್ತಿಲ್ಲ, ಅದೇ 2024ರ ಮೇ ತಿಂಗಳಲ್ಲಿ ಅದಕ್ಕೆ ವೆಬ್ ಅಂತ ಒಂದು ಬಟನ್ ಮಾಡಿ ಮೂಲೆಗೆ ಕೂರಿಸಿದಾರೆ. ಏನಾದ್ರೂ ಹುಡುಕಿ, ಎಐ ಪ್ರವಚನಕ್ಕೂ ಮೇಲಿರೋ ಬಟನ್‌ಗಳ ಸಾಲು ನೋಡಿ, ಅಲ್ಲಿ ಕಾಣ್ಲಿಲ್ಲ ಅಂದ್ರೆ ಮೋರ್ ಒತ್ತಿ, ಅದರೊಳಗೆ ವೆಬ್ ಇರತ್ತೆ. ಸಿಕ್ಕಿದ್ರೆ ಬೇಗ ಬಳಸ್ಕೊಳ್ಳಿ, ಚೆನ್ನಾಗಿ ಕೆಲಸ ಮಾಡೋ ಸರ್ವೀಸನ್ನ ಇವರು ಜಾಸ್ತಿ ದಿನ ಇಟ್ಕೊಳ್ಳಲ್ಲ.