5-0 ಅಂತ ಸ್ಟೇಟಸ್ ಹಾಕೋರಿಗೆ

ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2020ರ ಆಗಸ್ಟ್‌ನಲ್ಲಿ ನಡೆಸಿದ ಆಲ್ಫಾಡಾಗ್‌ಫೈಟ್ (ಸಿಮ್ಯುಲೇಟರಲ್ಲಿ ಎಐಗೂ ಪೈಲಟ್‌ಗೂ ನಡೆದ ಡಾಗ್‌ಫೈಟ್, ಅಂದ್ರೆ ಯುದ್ಧವಿಮಾನಗಳ ಹತ್ತಿರದ ಕಾದಾಟ) ಸುದ್ದಿನ ಈಗಲೂ ಯಾರಾದ್ರೂ ಶೇರ್ ಮಾಡ್ತಾನೇ ಇರ್ತಾರೆ, "ಎಐ 5-0 ಹೊಡೀತು, ಪೈಲಟ್‌ಗಳ ಕಥೆ ಮುಗೀತು" ಅಂತ. ಪೈಲಟ್ ಸೋತಿದ್ದು ನಿಜ. ಹೆರಾನ್ ಸಿಸ್ಟಮ್ಸ್ ಅನ್ನೋ ಸಣ್ಣ ಕಂಪನಿಯ ಪ್ರೋಗ್ರಾಂ ಎಐಗಳ ಫೈನಲ್ಲಲ್ಲಿ ಲಾಕ್‌ಹೀಡ್ ಮಾರ್ಟಿನ್‌ನಂಥ ಯುದ್ಧವಿಮಾನ ತಯಾರಿಸೋ ದೊಡ್ಡ ಕುಳಾನೇ ಕೆಡವಿ ಬಂದಿತ್ತು, ಆಮೇಲೆ ಎದುರಿಗೆ ಕೂತಿದ್ದು 'ಬ್ಯಾಂಗರ್' ಅನ್ನೋ ಕಾಲ್‌ಸೈನ್‌ನ (ರೇಡಿಯೋದಲ್ಲಿ ಕರೆಯೋ ಅಡ್ಡಹೆಸರು) ಅನುಭವಿ ಎಫ್-16 ಯುದ್ಧವಿಮಾನ ಪೈಲಟ್. ಐದಕ್ಕೈದೂ ಹೋಯ್ತು.

ಆದ್ರೆ ಹೇಗೆ ಗೆಲ್ತು ಅಂತ ನೋಡ್ಬೇಕಲ್ವಾ? ಮಿಸೈಲ್ ಇಲ್ಲ, ಬರೀ ಗನ್. ಎದುರಾಳಿ ಎಲ್ಲಿದಾನೆ, ಎಷ್ಟು ಸ್ಪೀಡು, ಯಾವ ಕಡೆ ವಾಲಿದಾನೆ ಎಲ್ಲಾ ಪ್ರೋಗ್ರಾಂಗೆ ಕರಾರುವಾಕ್ಕಾಗಿ ಗೊತ್ತಾಗ್ತಿತ್ತು, ಪೈಲಟ್ ಪಾಪ ವಿಆರ್ ಹೆಡ್‌ಸೆಟ್ ಹಾಕ್ಕೊಂಡು ಕತ್ತು ತಿರುಗಿಸಿ ತಿರುಗಿಸಿ ಹುಡುಕ್ಬೇಕು. ನಿಜವಾದ ಯುದ್ಧದಲ್ಲಿ ಯಾವ ಶತ್ರು ಇಷ್ಟು ಧಾರಾಳವಾಗಿ ತನ್ನ ವಿವರ ಕೊಡ್ತಾನೆ?

ನನಗೆ ಜಾಸ್ತಿ ಕುತೂಹಲ ಅನ್ಸಿದ್ದು ಅದು ಹೊಡೀತಿದ್ದ ರೀತಿ. ಎರಡು ವಿಮಾನ ಮುಖಾಮುಖಿ ನುಗ್ಗಿ ಬರ್ತಿರೋವಾಗ ಮೂಗು ಒಂದು ಕ್ಷಣ ನೇರಕ್ಕೆ ಬಂತೋ ಇಲ್ವೋ, ಗುಂಡು ಹಾರಿಬಿಡೋದು. ಟ್ರೈನಿಂಗಲ್ಲಿ ಪೈಲಟ್‌ಗಳು ಹಾಗೆ ಮಾಡೋ ಹಾಗೇ ಇಲ್ಲ, ಡಿಕ್ಕಿ ಆಗತ್ತೆ ಅಂತ 500 ಅಡಿಗಿಂತ ಹತ್ತಿರ ಹೋಗ್ಬಾರದು ಅಂತ ನಿಯಮ ಇದೆ. ವರ್ಷಗಟ್ಲೆ ಮೈಗಂಟಿದ್ದು ಹೆಡ್‌ಸೆಟ್ ಹಾಕಿದ ತಕ್ಷಣ ಬಿಟ್ಟೋಗತ್ತಾ? ಹಾಗಂತ "ಇದು ಮೋಸ" ಅನ್ನೋರ ಮಾತೂ ನಾನು ಒಪ್ಪಲ್ಲ. ಸಾಯೋ ಹೊತ್ತಲ್ಲಿ ಟ್ರೈನಿಂಗ್ ರೂಲ್ಸ್ ಯಾರು ತೆಗೆದು ನೋಡ್ತಾರೆ ಹೇಳಿ. ಐದನೇ ರೌಂಡಲ್ಲಿ ಬ್ಯಾಂಗರ್ ತಂತ್ರ ಬದಲಾಯಿಸಿ ಜಾಸ್ತಿ ಹೊತ್ತು ತಡ್ಕೊಂಡ್ರು, ನಾಲ್ಕೇ ರೌಂಡಲ್ಲಿ ಕಲಿತಿದ್ದು ಅದು. ಪ್ರೋಗ್ರಾಂ ಕೋಟಿಗಟ್ಲೆ ಸಿಮ್ಯುಲೇಶನ್ ಆಡಿ ಬಂದಿತ್ತು. ಸ್ಟೇಟಸ್ ಹಾಕೋರು ಇದನ್ನ ಬರೆಯಲ್ಲ.

ನಿಜವಾಗ್ಲೂ ಬೆಚ್ಚಿಬೀಳ್ಬೇಕಾಗಿದ್ದು 2023ರ ಸುದ್ದಿಗೆ. ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ಬೇಸಲ್ಲಿ ಎಕ್ಸ್-62ಎ ಅನ್ನೋ ಮಾರ್ಪಡಿಸಿದ ಎಫ್-16ನ ಎಐ ಹಾರಿಸ್ತು, ಎದುರಿಗೆ ಮನುಷ್ಯ ಹಾರಿಸ್ತಿದ್ದ ಎಫ್-16, ಗಂಟೆಗೆ ಸುಮಾರು 1,900 ಕಿ.ಮೀ. ವೇಗದಲ್ಲಿ 2,000 ಅಡಿ ಹತ್ತಿರದವರೆಗೂ ಎದುರುಬದುರು. ಸಿಮ್ಯುಲೇಟರ್ ಅಲ್ಲ ಮಾರಾಯ್ರೇ, ನಿಜವಾದ ಆಕಾಶ, ಮೇಲೆ ಹೇಳಿದ ನಿಯಮ ಎಲ್ಲಾ ಪಾಲಿಸ್ಕೊಂಡು! ಒಳಗೆ ಸೇಫ್ಟಿ ಪೈಲಟ್‌ಗಳು ಕೂತಿದ್ರು, ಡಾಗ್‌ಫೈಟ್ ಹೊತ್ತಲ್ಲಿ ಕಂಟ್ರೋಲ್ ಕಸ್ಕೊಳ್ಳೋ ಪ್ರಸಂಗಾನೇ ಬರ್ಲಿಲ್ವಂತೆ. ಮುಂದಿನ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಆಗಿನ ವಾಯುಪಡೆ ಕಾರ್ಯದರ್ಶಿ ಫ್ರಾಂಕ್ ಕೆಂಡಾಲ್ ಅವರೇ ಅದರಲ್ಲಿ ಕೂತು ಹೋಗ್ಬಂದ್ರು.

ಅಲ್ಲಿ ಯಾರು ಗೆದ್ರು ಅಂತ ಹೇಳ್ಲಿಲ್ಲ. ಒಳ್ಳೇದೇ ಆಯ್ತು, ಇಲ್ಲಾಂದ್ರೆ ಅದನ್ನೂ ನಮ್ಮೋರು ಐಪಿಎಲ್ ಪಾಯಿಂಟ್ಸ್ ಟೇಬಲ್ ಮಾಡ್ತಿದ್ರು.