ಅತಿಥಿ ದೇವೋ ಭವ, ಸೆಮಿಸ್ಟರ್ ಮುಗಿಯುವ ತನಕ

ಹದಿನೇಳು, ಹದಿನೆಂಟನೆಯ ಶತಮಾನಗಳ ಐರೋಪ್ಯ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಘಟ್ಟವಿಳಿದು ಕಾರವಾರದ ಕಡೆಯ ಕಾಲೇಜೊಂದರಲ್ಲಿ, ವರ್ಷ ವರ್ಷವೂ ಹೊಸದಾಗಿ ನೇಮಕಗೊಳ್ಳುವ ಅತಿಥಿ ಉಪನ್ಯಾಸಕರಾಗಿರುವ ಶಿರಸಿ ಸೀಮೆಯ ವಿದ್ವಾಂಸರನ್ನು ಕಂಡು ಕನಿಕರಪಡುವವರಿದ್ದಾರೆ. ಕಲಿತ ಶಾಸ್ತ್ರವನ್ನು ದಿನನಿತ್ಯ ಪ್ರಯೋಗದಲ್ಲಿ ಕಾಣುವ ಭಾಗ್ಯ ಅವರಿಗಲ್ಲದೆ ಮತ್ತಾರಿಗಿದೆ?

ಸೂರ್ಯ ಇಷ್ಟು ದಿನ ಮೂಡಿದ್ದಾನೆಂಬ ಕಾರಣಕ್ಕೆ ನಾಳೆಯೂ ಮೂಡುವನೆಂದು ತರ್ಕದಿಂದ ಸಾಧಿಸಲಾಗದು ಎಂದು ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್ 1748ರಲ್ಲಿ ವಾದಿಸಿದ. ಇಷ್ಟು ವರ್ಷ ನೇಮಕಾತಿ ಆದೇಶ ಬಂದಿದೆಯೆಂದು ಬರುವ ವರ್ಷವೂ ಬರುವುದೆಂದು ನಂಬುವುದು ಅದೇ ಬಗೆಯ ತರ್ಕದೋಷವೆಂಬುದನ್ನು ಕಾಲೇಜು ಶಿಕ್ಷಣ ಇಲಾಖೆಯು ಪ್ರತಿ ವರ್ಷದ ನೇಮಕಾತಿ ಕೌನ್ಸೆಲಿಂಗಿನಲ್ಲಿ ತಪ್ಪದೆ ಮನಗಾಣಿಸುತ್ತದೆ. ಹ್ಯೂಮನಿಗೆ 1745ರಲ್ಲಿ ಎಡಿನ್‌ಬರೋದ ಪ್ರಾಧ್ಯಾಪಕ ಹುದ್ದೆ ತಪ್ಪಿದ್ದು ನಾಸ್ತಿಕನೆಂಬ ಆರೋಪದಿಂದ. ನಮ್ಮವರ ಮೇಲೆ ಅಂಥ ಆರೋಪವಿಲ್ಲ. ಆರೋಪ ಹೊರಿಸಬೇಕಾದರೆ ಯಾರಾದರೂ ಅವರ ಪ್ರಬಂಧವನ್ನು ಓದಿರಬೇಕಷ್ಟೆ.

ಇಂಗ್ಲಿಷ್ ತತ್ತ್ವಜ್ಞ ಜಾನ್ ಲಾಕ್ ಮಾನವನ ಅರಿವನ್ನು ಕುರಿತ ತನ್ನ ಮಹಾಗ್ರಂಥದ 1694ರ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ, ನಿನ್ನೆಯವನೂ ಇಂದಿನವನೂ ಒಬ್ಬನೇ ವ್ಯಕ್ತಿ ಎನ್ನಲು ಪ್ರಜ್ಞೆಯ ಮುಂದುವರಿಕೆಯೇ ಆಧಾರವೆಂದ. ಇಲಾಖೆ ಇನ್ನೂ ಸೂಕ್ಷ್ಮ. ಏಪ್ರಿಲ್‌ನಲ್ಲಿ ಬಿಡುಗಡೆಯಾದವರೂ ಮಳೆಗಾಲದಲ್ಲಿ ಅದೇ ಕೊಡೆ ಹಿಡಿದು ಅದೇ ಕೊಠಡಿಗೆ ಬಂದವರೂ ಬೇರೆ ಬೇರೆ ವ್ಯಕ್ತಿಗಳು, ಆದ್ದರಿಂದ ಸೇವೆ ನಿರಂತರವಲ್ಲ. ಹಿಂದಿನ ವರ್ಷಗಳೆಲ್ಲ ತಮಗೆ ಚೆನ್ನಾಗಿ ನೆನಪಿವೆಯೆಂದು ವಿದ್ವಾಂಸರು ಲಾಕನನ್ನು ಆಧರಿಸಿ ಅರ್ಜಿ ಬರೆಯಬಹುದು. ಆದರೆ ಕಡತಕ್ಕೆ ನೆನಪಿಲ್ಲದ್ದು ನಡೆದೇ ಇಲ್ಲ. ನಡುವಿನ ರಜೆಯಲ್ಲಿ ಗೌರವಧನವೂ ಇಲ್ಲ, ಗೌರವದ ಮಾತು ಬೇರೆ. ಗ್ರಹಿಸಲ್ಪಡುವುದೇ ಇರುವಿಕೆ ಎಂದ ತತ್ತ್ವಜ್ಞ ಬರ್ಕ್ಲಿಯ ವಾದವನ್ನು ಹಾಜರಿಯ ಬಯೋಮೆಟ್ರಿಕ್ ಯಂತ್ರವು ಹೆಬ್ಬೆರಳಿನ ಮಟ್ಟಕ್ಕೆ ತಂದು ನಿಲ್ಲಿಸಿದೆ.

ಇನ್ನು ಕಾರ್ಯಭಾರ. ತತ್ತ್ವಶಾಸ್ತ್ರಕ್ಕೆ ಮಕ್ಕಳು ಸಾಲದಾದ್ದರಿಂದ ವಾರದ ತಾಸುಗಳನ್ನು ಪರಿಸರ ಅಧ್ಯಯನದಿಂದಲೂ ಸಂವಹನ ಕೌಶಲದಿಂದಲೂ ತುಂಬಿಕೊಡಲಾಗಿದೆ.

ಡಚ್ ತತ್ತ್ವಜ್ಞ ಸ್ಪಿನೋಜಾ 1673ರಲ್ಲಿ ಹೈಡಲ್‌ಬರ್ಗಿನ ಪ್ರಾಧ್ಯಾಪಕ ಪದವಿಯನ್ನು ಚಿಂತನೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದೀತೆಂದು ನಿರಾಕರಿಸಿದ; ಮಸೂರ ಉಜ್ಜುವ ಕಸುಬು ಕೈಯಲ್ಲಿತ್ತು. ನಿರಾಕರಿಸಲು ಯಾವ ಪದವಿಯೂ ಎದುರಾಗದ ನಮ್ಮವರಿಗೆ ಅಡಿಕೆ ತೋಟವಿದೆ. ಸ್ಪಿನೋಜಾನ ಮೇಲಿನ ಅವರ ಸಂಶೋಧನೆಗೆ ಈವರೆಗೆ ಅನುದಾನ ಕೊಟ್ಟಿರುವ ಸಂಸ್ಥೆ ಆ ತೋಟವೊಂದೇ. ಅಡಿಕೆಗೆ ಕೊಳೆರೋಗ ಬಿದ್ದ ವರ್ಷ ಪುಸ್ತಕ ತರಿಸುವುದು ನಿಲ್ಲುತ್ತದೆ, ಲೇಖನವೂ ನಿಲ್ಲುತ್ತದೆ. ಆ ವರ್ಷ ಪ್ರಕಟಣೆ ಏಕಿಲ್ಲವೆಂದು ವಿವರಿಸಲು ಮೌಲ್ಯಮಾಪನದ ನಮೂನೆಯಲ್ಲಿ ಕೊಳೆರೋಗಕ್ಕೆ ಕಾಲಂ ಇಲ್ಲ.