ವಿರೋಧ ಪಕ್ಷಕ್ಕೆ ನೆರಳು ಸಂಪುಟ ಬೇಕೇ?

ಸರ್ಕಾರದ ಒಂದೊಂದು ಇಲಾಖೆಗೂ ವಿರೋಧ ಪಕ್ಷ ತನ್ನವರೊಬ್ಬರನ್ನು ಹೆಸರಿಸಿ, ಆ ಸಚಿವರ ಕೆಲಸದ ಮೇಲೆ ಕಣ್ಣಿಡಲು ಬಿಡುವ ಏರ್ಪಾಟೇ ನೆರಳು ಸಂಪುಟ.

ಪರ

2019ರ ಜುಲೈ 26ರಂದು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಸಂಪುಟಕ್ಕೆ ಸಚಿವರು ಸೇರಿದ್ದು ಆಗಸ್ಟ್ 20ಕ್ಕೆ. ಆ ನಡುವೆಯೇ ಕೃಷ್ಣಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳು ಮುಳುಗಿದವು, ಕೊಡಗಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಕಂದಾಯಕ್ಕೂ ಸಚಿವರಿಲ್ಲ, ಜಲಸಂಪನ್ಮೂಲಕ್ಕೂ ಇಲ್ಲ. 104 ಶಾಸಕರೊಡನೆ ವರ್ಷಕ್ಕೂ ಹೆಚ್ಚು ಕಾಲ ವಿರೋಧ ಪಕ್ಷದಲ್ಲಿ ಕುಳಿತಿದ್ದ ಬಿಜೆಪಿ, ಯಾರಿಗೆ ಯಾವ ಇಲಾಖೆ ಎಂಬುದನ್ನು ಆಗಲೇ ಯೋಚಿಸಿಡಬಹುದಿತ್ತು.

ಬ್ರಿಟನ್ನಿನಲ್ಲಿ ಐದು ವರ್ಷ ನೆರಳು ಹಣಕಾಸು ಸಚಿವರಾಗಿದ್ದ ಗಾರ್ಡನ್ ಬ್ರೌನ್, 1997ರ ಮೇ 1ರ ಚುನಾವಣೆ ಗೆದ್ದು ಮೇ 6ಕ್ಕೇ ಬಡ್ಡಿದರ ನಿರ್ಧರಿಸುವ ಅಧಿಕಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಒಪ್ಪಿಸುವುದಾಗಿ ಪ್ರಕಟಿಸಿದರು. ಅಂಥ ವೇಗ ಬರುವುದು ಮೊದಲೇ ಮಾಡಿಟ್ಟ ಅಧ್ಯಯನದಿಂದ.

ಬೆಂಗಳೂರಿಗಂತೂ ಇದು ತುರ್ತು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಚುನಾಯಿತ ಪಾಲಿಕೆಯಿಲ್ಲದೆ ವರ್ಷಗಳೇ ಉರುಳಿದವು. ಮಳೆಗೆ ಹೊರಮಾವಿನ ಸಾಯಿ ಲೇಔಟ್ ಜಲಾವೃತವಾದಾಗ ನಾಯಕರು ಮೊಣಕಾಲುದ್ದ ನೀರಿನಲ್ಲಿ ನಿಂತು ಸರ್ಕಾರವನ್ನು ಬೈಯುತ್ತಾರೆ. ಸರಿ, ರಾಜಕಾಲುವೆ ಒತ್ತುವರಿಯ ಕಡತ ಓದಿ, ಅಂದಾಜುಪಟ್ಟಿ ತರಿಸಿಕೊಂಡು, ಮುಂದಿನ ಅಧಿವೇಶನದಲ್ಲಿ ಸಚಿವರನ್ನು ಬೆನ್ನುಹತ್ತುವವರು ನಿಮ್ಮಲ್ಲಿ ಯಾರು ಎಂದರೆ ಒಂದು ಹೆಸರೂ ಸಿಗುವುದಿಲ್ಲ. ನೆರಳು ಸಂಪುಟ ಆ ಹೆಸರನ್ನು ಕೊಡುತ್ತದೆ. ನಾಳೆ ಅಧಿಕಾರಕ್ಕೆ ಬಂದಾಗ ಅದೇ ವ್ಯಕ್ತಿಯನ್ನು ಹಿಡಿದು ಕೇಳಲು ಮತದಾರನಿಗೂ ಆಧಾರ ಸಿಗುತ್ತದೆ. ಒಡಿಶಾದಲ್ಲಿ 2024ರಲ್ಲಿ ಸೋತ ಬಿಜು ಜನತಾ ದಳ ತನ್ನ ಶಾಸಕರಿಗೆ ಇಲಾಖೆಗಳನ್ನು ಹಂಚಿತು. ನಮ್ಮಲ್ಲಿ ಆಗದ ಕೆಲಸವೇನಲ್ಲ.

ವಿರೋಧ

2019ರ ಕಥೆಯನ್ನು ಪೂರ್ತಿ ಹೇಳಬೇಕು. ಆ ಸರ್ಕಾರ ಬಂದದ್ದು ಕಾಂಗ್ರೆಸ್, ಜೆಡಿಎಸ್ ಶಾಸಕರ ರಾಜೀನಾಮೆಯಿಂದ. ಅವರಲ್ಲಿ ಉಪಚುನಾವಣೆ ಗೆದ್ದ ಹತ್ತು ಮಂದಿ 2020ರ ಫೆಬ್ರುವರಿ 6ರಂದು ಸಚಿವರಾದರು. ಬಿಜೆಪಿ 2018ರಲ್ಲೇ ನೆರಳು ಪಟ್ಟಿ ಮಾಡಿದ್ದರೂ ಈ ಹತ್ತರಲ್ಲಿ ಒಂದು ಹೆಸರೂ ಅದರಲ್ಲಿ ಇರುತ್ತಿರಲಿಲ್ಲ. ಅವರೆಲ್ಲ ಆಗ ಎದುರಿನ ಸಾಲಿನಲ್ಲಿದ್ದರು. ಸಚಿವ ಸ್ಥಾನ ಹೀಗೆ ಹಂಚಿಕೆಯಾಗುವ ರಾಜ್ಯದಲ್ಲಿ ಪಟ್ಟಿ ತೋರಿಸಿ ಮತ ಕೇಳುವುದು ಜನರಿಗೆ ಸುಳ್ಳು ಭರವಸೆ ಕೊಟ್ಟಂತೆ.

224 ಸದಸ್ಯರ ಸದನದಲ್ಲಿ ಮುಖ್ಯಮಂತ್ರಿಯೂ ಸೇರಿ ಸಂಪುಟ 34ನ್ನು ಮೀರುವಂತಿಲ್ಲ. ಅದರೊಳಗೆ ಜಿಲ್ಲೆ, ಜಾತಿ, ಬಣ, ದೆಹಲಿಯ ಒಪ್ಪಿಗೆ ಎಲ್ಲವೂ ಹೊಂದಬೇಕು. ಈ ಜಗಳವನ್ನು ಗೆಲ್ಲುವ ಮೊದಲೇ ಮನೆಗೆ ತಂದುಕೊಳ್ಳುವುದೇಕೆ? 2023ರ ಮೇನಲ್ಲಿ ಸೋತ ಬಿಜೆಪಿ ವಿರೋಧ ಪಕ್ಷದ ನಾಯಕನನ್ನು ಆರಿಸಿದ್ದು ನವೆಂಬರ್‌ನಲ್ಲಿ. ಜುಲೈನ ಬಜೆಟ್ ಅಧಿವೇಶನ ನಾಯಕನಿಲ್ಲದೆಯೇ ಮುಗಿಯಿತು. ಒಂದು ಹೆಸರಿಗೇ ಇಷ್ಟು ತಡವಾದರೆ ಮೂವತ್ತಕ್ಕೆ ಎಷ್ಟು ಕಾಲ ಬೇಕು?

ಮಹಾರಾಷ್ಟ್ರದಲ್ಲಿ ನವನಿರ್ಮಾಣ ಸೇನೆ 2020ರಲ್ಲಿ ನೆರಳು ಸಂಪುಟ ಘೋಷಿಸಿದಾಗ ವಿಧಾನಸಭೆಯಲ್ಲಿ ಅದಕ್ಕಿದ್ದ ಶಾಸಕರು ಒಬ್ಬರೇ. ಘೋಷಣೆಗೆ ಸುದ್ದಿಯ ಬೆಲೆ ಇದೆ, ಆಡಳಿತದ ಬೆಲೆ ಇಲ್ಲ. ಕೆಲಸ ಮಾಡುವ ಮನಸ್ಸಿದ್ದರೆ ಪ್ರಶ್ನೋತ್ತರ ವೇಳೆಯಿದೆ, ಇಲಾಖಾವಾರು ಅನುದಾನ ಬೇಡಿಕೆಗಳ ಚರ್ಚೆಯಿದೆ, ಸಂಪ್ರದಾಯದಂತೆ ವಿರೋಧ ಪಕ್ಷಕ್ಕೇ ಬಿಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ಸ್ಥಾನವಿದೆ. ಸದನದ ಬಾವಿಗಿಳಿದು ಕಲಾಪ ಕೆಡಿಸುವ ದಿನಗಳಲ್ಲಿ ಮೊದಲು ನಷ್ಟವಾಗುವುದು ಈ ಪ್ರಶ್ನೆಗಳೇ.